ಮೆಳ್ಳೆಗಣ್ಣಿಗೆ ವ್ಯಾಯಾಮ: ಯಾವ ಕಣ್ಣಿಗೆ ಸಲ್ಲುತ್ತದೆ, ಯಾವುದಕ್ಕೆ ಸಲ್ಲದು

ಪ್ರಶ್ನೆ: ನನ್ನ ಮಗನಿಗೆ ಒಂಬತ್ತು ವರ್ಷ. ಎರಡು ವರ್ಷದಿಂದ ಅವನ ಎಡಗಣ್ಣು ಆಗಾಗ ಹೊರಕ್ಕೆ ಜಾರುತ್ತದೆ. ಸುಸ್ತಾದಾಗ, ಜ್ವರ ಬಂದಾಗ ಹೆಚ್ಚು. ಈಚೆಗೆ ಹೋಂವರ್ಕ್ ಮಾಡುವಾಗ ಅಕ್ಷರ ಎರಡೆರಡು ಕಾಣುತ್ತೆ, ಹಣೆ ನೋಯುತ್ತೆ ಅನ್ನುತ್ತಾನೆ. ಒಬ್ಬ ವೈದ್ಯರು ಮುಂದೆ ಆಪರೇಷನ್ ಬೇಕಾಗಬಹುದು ಅಂದರು. ಇನ್ನೊಂದು ಕೇಂದ್ರದವರು ನಲವತ್ತು ಸಿಟ್ಟಿಂಗ್ ವಿಷನ್ ಥೆರಪಿ ಮಾಡಿಸಿದರೆ ಆಪರೇಷನ್ನೇ ಬೇಡ ಅನ್ನುತ್ತಾರೆ. ಮೊಬೈಲಿನಲ್ಲಿ ನೋಡಿ ಎರಡು ತಿಂಗಳಿಂದ ಪೆನ್ಸಿಲ್ ವ್ಯಾಯಾಮ ಮಾಡಿಸುತ್ತಿದ್ದೇವೆ, ಏನೂ ಬದಲಾಗಿಲ್ಲ. ಮೆಳ್ಳೆಗಣ್ಣು ಅದೃಷ್ಟ, ಹಾಗೇ ಬಿಡಿ ಅನ್ನುತ್ತಾರೆ ಅತ್ತೆಯವರು. ನನ್ನ ತಂಗಿಯ ಮಗಳಿಗೆ ಮೂರು ವರ್ಷ, ಅವಳ ಕಣ್ಣು ಒಳಕ್ಕೆ ಸೇರುತ್ತದೆ. ಅವಳಿಗೂ ಇದೇ ವ್ಯಾಯಾಮ ಮಾಡಿಸಬಹುದೇ?

ಉತ್ತರ: ಕೊನೆಗೆ ಕೇಳಿದ್ದಕ್ಕೆ ಮೊದಲು ಉತ್ತರ ಹೇಳಬೇಕು, ಅದು ಕಾಯುವ ವಿಷಯವಲ್ಲ. ತಂಗಿಯ ಮಗಳಿಗೆ ಪೆನ್ಸಿಲ್ ವ್ಯಾಯಾಮ ಬೇಡವೇ ಬೇಡ. ಪೆನ್ಸಿಲ್ ಹತ್ತಿರ ಬಂದಂತೆ ಎರಡೂ ಕಣ್ಣು ಮೂಗಿನ ಕಡೆಗೆ ಸೇರಬೇಕು. ಆ ವ್ಯಾಯಾಮ ಕಲಿಸುವುದೇ ಅದನ್ನು. ಅವಳ ಕಣ್ಣು ಈಗಲೇ ಬೇಕಾದ್ದಕ್ಕಿಂತ ಹೆಚ್ಚು ಒಳಕ್ಕೆ ಸೇರುತ್ತಿದೆ. ಎರಡು ಮೂರು ವರ್ಷಕ್ಕೆ ಹೀಗೆ ಕಣ್ಣು ಒಳಗೆ ತಿರುಗಿದರೆ ಬಹಳ ಸಲ ಕಾರಣ ಪ್ಲಸ್ ನಂಬರ್. ಪ್ಲಸ್ ನಂಬರಿನ ಕಣ್ಣು ಸ್ಪಷ್ಟವಾಗಿ ನೋಡಬೇಕಾದರೆ ಒಳಗಿನ ಮಸೂರವನ್ನು ಸದಾ ಬಿಗಿಹಿಡಿಯಬೇಕು. ಮೆದುಳಿನಲ್ಲಿ ಆ ಬಿಗಿಗೂ ಕಣ್ಣು ಒಳಸೇರುವುದಕ್ಕೂ ಒಂದೇ ಕಟ್ಟು. ಒಂದನ್ನು ಎಳೆದರೆ ಇನ್ನೊಂದು ತಾನಾಗಿ ಬರುತ್ತದೆ. ಸರಿಯಾದ ಪ್ಲಸ್ ಕನ್ನಡಕ ಹಾಕಿದರೆ ಬಿಗಿ ಸಡಿಲವಾಗಿ ಕಣ್ಣು ನೇರವಾಗುತ್ತದೆ. ಅಂಥ ಮಗುವಿಗೆ ಕನ್ನಡಕವೇ ಔಷಧ.

ಆ ನಂಬರನ್ನು ಹನಿ ಅಥವಾ ಮುಲಾಮು ಹಾಕಿ ಪಾಪೆ ಅಗಲಿಸಿ, ಮಸೂರದ ಬಿಗಿಯನ್ನು ಪೂರ್ತಿ ಬಿಡಿಸಿಯೇ ಅಳೆಯಬೇಕು. ಚಿಕ್ಕ ಮಕ್ಕಳಿಗೆ ಸಾಮಾನ್ಯವಾಗಿ ಅಟ್ರೋಪಿನ್ ಶೇ 1ರ ಮುಲಾಮನ್ನು ಮನೆಯಲ್ಲೇ ಮೂರು ದಿನ ಹಚ್ಚಿ ಕರೆದುಕೊಂಡು ಬನ್ನಿ ಎನ್ನುತ್ತಾರೆ. ಪ್ರಮಾಣ ಅಕ್ಕಿಕಾಳಿನಷ್ಟು ಸಾಕು. ಮೈ ಬಿಸಿಯಾಗಿ ಮುಖ ಕೆಂಪಾದರೆ ಹಚ್ಚುವುದನ್ನು ನಿಲ್ಲಿಸಿ ವೈದ್ಯರಿಗೆ ತಿಳಿಸಿ. ಒಂದೆರಡು ವಾರ ಬಿಸಿಲು ಚುಚ್ಚುತ್ತದೆ, ಹತ್ತಿರದ್ದು ಮಸುಕಾಗಿರುತ್ತದೆ, ಆಮೇಲೆ ಸರಿಹೋಗುತ್ತದೆ. ಕನ್ನಡಕ ಬಂದ ಮೇಲೆ ಒಂದು ವಿಷಯಕ್ಕೆ ಗಾಬರಿಯಾಗಬೇಡಿ: ಹಾಕಿದಾಗ ನೇರ, ತೆಗೆದೊಡನೆ ಮೊದಲಿಗಿಂತ ಹೆಚ್ಚು ಒಳಕ್ಕೆ. ಕನ್ನಡಕದಿಂದಲೇ ಕಣ್ಣು ಕೆಟ್ಟಿತೆಂದು ಎಷ್ಟೋ ಮನೆಗಳಲ್ಲಿ ಅದನ್ನು ಪೆಟ್ಟಿಗೆಗೆ ಸೇರಿಸುತ್ತಾರೆ. ಕೆಟ್ಟದ್ದಲ್ಲ ಅದು, ಕನ್ನಡಕ ಕೆಲಸ ಮಾಡುತ್ತಿದೆ ಎಂಬುದರ ಗುರುತು.

ಇನ್ನೊಂದು ಕಾರಣಕ್ಕೂ ಅವಳನ್ನು ಈ ವಾರವೇ ತೋರಿಸಿ. ಚಿಕ್ಕ ಮಕ್ಕಳ ಕಣ್ಣಿನೊಳಗೆ ಬರುವ ರೆಟಿನೋಬ್ಲಾಸ್ಟೋಮಾ ಎಂಬ ಕ್ಯಾನ್ಸರ್ ಕೆಲವೊಮ್ಮೆ ಮೊದಲು ಕಾಣಿಸಿಕೊಳ್ಳುವುದೇ ಮೆಳ್ಳೆಗಣ್ಣಾಗಿ. ಅದು ಅಪರೂಪ. ಆದರೆ ಕಣ್ಣಿನ ಹಿಂಭಾಗ, ಅಂದರೆ ರೆಟಿನಾ, ನೋಡದೆ ಯಾವ ಮಗುವಿನ ಮೆಳ್ಳೆಗಣ್ಣಿಗೂ ಚಿಕಿತ್ಸೆ ಶುರು ಮಾಡಬಾರದು. ಫ್ಲ್ಯಾಶ್ ಹಾಕಿ ತೆಗೆದ ಫೋಟೋಗಳಲ್ಲಿ ಒಂದು ಪಾಪೆ ಕೆಂಪಾಗಿ, ಇನ್ನೊಂದು ಬೆಳ್ಳಗೆ ಹೊಳೆಯುತ್ತಿದ್ದರೆ ವಾರವೂ ಕಾಯಬೇಡಿ.

ಈಗ ನಿಮ್ಮ ಮಗನ ವಿಷಯ.

ಕಣ್ಣಿನ ಸ್ನಾಯು ಸೋತಿದೆ, ವ್ಯಾಯಾಮ ಮಾಡಿಸಿದರೆ ಗಟ್ಟಿಯಾಗುತ್ತದೆ ಎಂಬ ಎಣಿಕೆಯಿಂದಲೇ ಅರ್ಧ ತಪ್ಪುಗಳು ಹುಟ್ಟುತ್ತವೆ. ಒಂದೊಂದು ಕಣ್ಣನ್ನು ತಿರುಗಿಸಲು ಆರಾರು ಸ್ನಾಯುಗಳಿವೆ. ಕಣ್ಣುಗುಡ್ಡೆಯ ಭಾರಕ್ಕೆ ಹೋಲಿಸಿದರೆ ಅವುಗಳ ಬಲ ಬೇಕಾದ್ದಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ನಿಮ್ಮ ಮಗನ ಬಲಗಣ್ಣು ಮುಚ್ಚಿ ಎಡಗಣ್ಣಿನಿಂದ ಬೆರಳನ್ನು ಹಿಂಬಾಲಿಸಲು ಹೇಳಿ: ಬಹುಮಟ್ಟಿಗೆ ಎಲ್ಲ ದಿಕ್ಕಿಗೂ ಸಲೀಸಾಗಿ ಓಡುತ್ತದೆ. ಹಾಗಿದ್ದರೆ ಕೊರತೆ ಎಲ್ಲಿ? ಎರಡು ಕಣ್ಣು ಕಳಿಸುವ ಎರಡು ಚಿತ್ರಗಳನ್ನು ಮೆದುಳು ಒಂದಾಗಿ ಕೂಡಿಸಬೇಕು, ಕೂಡಿಸಿದ್ದು ಬಿಡದಂತೆ ಕಣ್ಣುಗಳನ್ನು ಹಿಡಿದಿಟ್ಟುಕೊಳ್ಳಬೇಕು. ಈ ಹಿಡಿತ ಸಡಿಲವಾದಾಗ ಕಣ್ಣು ತನ್ನ ಸಹಜ ವಾಲಿಕೆಯ ಕಡೆಗೆ ಜಾರುತ್ತದೆ. ವ್ಯಾಯಾಮ ಬೆಳೆಸುವುದು ಆ ಹಿಡಿತವನ್ನು. ವಾಲಿಕೆ ಬಹುತೇಕ ಅಷ್ಟೇ ಇರುತ್ತದೆ, ಅದನ್ನು ತಡೆದು ನಿಲ್ಲಿಸುವ ಶಕ್ತಿ ಹೆಚ್ಚುತ್ತದೆ.

ಇಷ್ಟು ತಿಳಿದರೆ ಉಳಿದದ್ದು ತಾನಾಗಿ ಬಿಡಿಸಿಕೊಳ್ಳುತ್ತದೆ. ಕೂಡಿಸುವ ಶಕ್ತಿ ಸ್ವಲ್ಪವಾದರೂ ಇರುವ ಕಣ್ಣಿಗೆ ವ್ಯಾಯಾಮ ಸಲ್ಲುತ್ತದೆ. ಹುಟ್ಟಿದ ಆರು ತಿಂಗಳೊಳಗೇ ಒಳಕ್ಕೆ ತಿರುಗಿ ನಿಂತ ಕಣ್ಣು, ನರ ಸೋತು ತಿರುಗದ ಕಣ್ಣು, ಥೈರಾಯ್ಡ್‌ನಿಂದ ಸ್ನಾಯು ಊದಿ ಬಿಗಿದ ಕಣ್ಣು, ಸದಾಕಾಲ ದೊಡ್ಡ ಕೋನದಲ್ಲಿ ಹೊರಗೇ ಇರುವ ಕಣ್ಣು, ಇವು ಯಾವುವೂ ವ್ಯಾಯಾಮದಿಂದ ನೇರವಾಗುವುದಿಲ್ಲ. ಬಿಟ್ಟು ಬಿಟ್ಟು ಹೊರಗೆ ಜಾರುವ ಕಣ್ಣಿನಲ್ಲಿ, ಅದರಲ್ಲೂ ದೂರಕ್ಕಿಂತ ಓದುವ ದೂರದಲ್ಲಿ ಹೆಚ್ಚು ಜಾರುವ ಕಣ್ಣಿನಲ್ಲಿ, ಒಳ್ಳೆಯ ಫಲ ಸಿಗುತ್ತದೆ. ಅಕ್ಷರ ಎರಡಾಗುತ್ತದೆ, ಹಣೆ ನೋಯುತ್ತದೆ ಎಂಬ ನಿಮ್ಮ ಮಗನ ಮಾತು ಆ ಕಡೆಗೇ ಬೊಟ್ಟು ಮಾಡುತ್ತದೆ. ಎರಡು ಕಾಣುತ್ತದೆ ಎಂದರೆ ಆ ಹೊತ್ತಿನಲ್ಲಿ ಎರಡೂ ಕಣ್ಣಿನ ಚಿತ್ರ ಮೆದುಳಿಗೆ ಮುಟ್ಟುತ್ತಿದೆ. ಮೆದುಳು ಎಡಗಣ್ಣನ್ನು ಪೂರ್ತಿ ಕೈಬಿಟ್ಟಿಲ್ಲ. ಆದರೆ ಇದು ಸುಳಿವು ಮಾತ್ರ, ಅಳತೆ ಬೇಕು.

ಅಳೆಯಬೇಕಾದ್ದು ಏನೇನು

ಕೇಂದ್ರದವರು ನಲವತ್ತು ಸಿಟ್ಟಿಂಗ್ ಎನ್ನುವ ಮೊದಲು ಈ ಅಂಕಿಗಳನ್ನು ಕಾಗದದ ಮೇಲೆ ಬರೆದುಕೊಟ್ಟಿದ್ದಾರೆಯೇ ನೋಡಿ. ಒಂದೊಂದೇ ಕಣ್ಣಿನ ದೃಷ್ಟಿ. ಹನಿ ಹಾಕಿ ತೆಗೆದ ನಂಬರ್. 6 ಮೀಟರ್ ದೂರದಲ್ಲೂ 33 ಅಥವಾ 40 ಸೆಂ.ಮೀ. ಹತ್ತಿರದಲ್ಲೂ ಒಂದೊಂದೇ ಕಣ್ಣನ್ನು ಮುಚ್ಚಿ ತೆರೆದು ಅಳೆದ ವಾಲಿಕೆ. ವಾಲಿಕೆಯನ್ನು ಪ್ರಿಸಂ ಡಯಾಪ್ಟರ್‌ನಲ್ಲಿ ಹೇಳುತ್ತಾರೆ; ಒಂದು ಪ್ರಿಸಂ ಎಂದರೆ 1 ಮೀಟರ್ ದೂರದಲ್ಲಿ 1 ಸೆಂ.ಮೀ. ಪಕ್ಕಕ್ಕೆ ಸರಿದಷ್ಟು. ಆಮೇಲೆ ಪ್ರಿಸಂ ಎಂಬ ಬೆಳಕು ಬಾಗಿಸುವ ಗಾಜನ್ನು ಕಣ್ಣಿನೆದುರು ಹಿಡಿದು, ಎಷ್ಟರವರೆಗೆ ಕಣ್ಣು ಒಳಸೇರಿ ಒಂದೇ ಚಿತ್ರ ಹಿಡಿದುಕೊಳ್ಳುತ್ತದೆ ಎಂಬ ಅಳತೆ, ಅಂದರೆ ಒಳಸೇರುವ ಮೀಸಲು ಶಕ್ತಿ. ಮೂರು ಆಯಾಮದ ದೃಷ್ಟಿಯ ಪರೀಕ್ಷೆ (ನೊಣದ ಚಿತ್ರದ ಪುಸ್ತಕ ತೋರಿಸಿ ರೆಕ್ಕೆ ಹಿಡಿ ಎನ್ನುತ್ತಾರಲ್ಲ, ಅದು): 40ರಿಂದ 60 ಆರ್ಕ್ ಸೆಕೆಂಡ್ (ಕೋನದ ಬಲು ಸಣ್ಣ ಅಳತೆ, ಅಂಕಿ ಕಡಿಮೆಯಾದಷ್ಟೂ ಒಳ್ಳೆಯದು) ಬಂದರೆ ಚೆನ್ನಾಗಿದೆ. ಕೆಂಪು ಹಸಿರು ಕನ್ನಡಕ ಹಾಕಿ ನಾಲ್ಕು ದೀಪ ತೋರಿಸುವ ಪರೀಕ್ಷೆಯಲ್ಲಿ ನಾಲ್ಕೂ ಕಂಡರೆ ಕಣ್ಣುಗಳು ಕೂಡುತ್ತಿವೆ, ಎರಡೋ ಮೂರೋ ಕಂಡರೆ ಒಂದು ಕಣ್ಣನ್ನು ಮೆದುಳು ಅದುಮುತ್ತಿದೆ, ಅಂದರೆ ಅದರ ಚಿತ್ರವನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತಿಲ್ಲ, ಐದು ಕಂಡರೆ ಚಿತ್ರ ಇಬ್ಬಗೆಯಾಗಿದೆ.

ಒಂದು ಅಳತೆ ಮನೆಯಲ್ಲೇ ಸಿಗುತ್ತದೆ. ಸ್ಕೇಲಿನ ಒಂದು ತುದಿಯನ್ನು ಮೂಗಿನ ಬುಡದ ಬಳಿ, ಹುಬ್ಬುಗಳ ನಡುವೆ ಇಡಿ. ಓದುವ ಕನ್ನಡಕವಿದ್ದರೆ ಹಾಕಿರಲಿ. ಪೆನ್ಸಿಲಿನ ಮೇಲೆ ಅಂಟಿಸಿದ ಒಂದು ಸಣ್ಣ ಅಕ್ಷರವನ್ನು 40 ಸೆಂ.ಮೀ.ನಿಂದ ನಿಧಾನವಾಗಿ, ಸೆಕೆಂಡಿಗೆ ಒಂದೆರಡು ಸೆಂ.ಮೀ. ಲೆಕ್ಕದಲ್ಲಿ, ಮೂಗಿನ ಕಡೆಗೆ ತನ್ನಿ. ಅಕ್ಷರ ಎರಡಾಯಿತು ಎಂದು ಮಗು ಹೇಳಿದಾಗ ಅಥವಾ ಒಂದು ಕಣ್ಣು ಹೊರಗೆ ಜಾರಿದ್ದು ನಿಮಗೆ ಕಂಡಾಗ, ಯಾವುದು ಮೊದಲೋ ಆಗ, ನಿಲ್ಲಿಸಿ ಅಳೆಯಿರಿ. 6 ಸೆಂ.ಮೀ. ಒಳಗಿದ್ದರೆ ಸರಿ, ಅಲ್ಲಿ ಅಥವಾ ಅದಕ್ಕಿಂತ ದೂರದಲ್ಲೇ ಬಿಟ್ಟುಹೋದರೆ ಕೊರತೆಯಿದೆ. ಒಂದೇ ಸಲ ಅಳೆದು ಬಿಡಬೇಡಿ. ಬೆಳಿಗ್ಗೆ 5 ಸೆಂ.ಮೀ. ಬಂದ ಮಗುವಿಗೆ ಸಂಜೆ ಹೋಂವರ್ಕ್ ಆದ ಮೇಲೆ 12 ಬರಬಹುದು, ಅವನು ಹೇಳುವ ನೋವಿಗೆ ಹೊಂದುವುದು ಆ ಎರಡನೆಯ ಅಂಕಿ. ಕಣ್ಣು ಜಾರಿದ್ದು ನಿಮಗೆ ಕಾಣುತ್ತಿದ್ದರೂ ಮಗು ‘ಒಂದೇ ಕಾಣುತ್ತೆ’ ಎಂದರೆ ಅದನ್ನು ತಪ್ಪದೆ ಬರೆದಿಟ್ಟುಕೊಳ್ಳಿ. ಆ ಗಳಿಗೆ ಮೆದುಳು ಜಾರಿದ ಕಣ್ಣನ್ನು ಅದುಮಿದೆ.

ಮೀಸಲು ಶಕ್ತಿಗೆ ಹಳೆಯದೊಂದು ಲೆಕ್ಕವಿದೆ, ಶಿಯರ್ಡ್ ಅವರ ನಿಯಮ ಎನ್ನುತ್ತಾರೆ: ವಾಲಿಕೆ ಎಷ್ಟಿದೆಯೋ ಅದರ ಎರಡರಷ್ಟು ಮೀಸಲು ಇದ್ದರೆ ಕಣ್ಣಿಗೆ ಆಯಾಸವಾಗದು. ಓದುವ ದೂರದಲ್ಲಿ ವಾಲಿಕೆ 10 ಪ್ರಿಸಂ ಇದ್ದರೆ ಮೀಸಲು 20 ಬೇಕು. ಮಗನಿಗೆ 10ಕ್ಕೆ 8 ಇದ್ದರೆ ಅಕ್ಷರ ಎರಡಾಗದೆ ಇನ್ನೇನು? ಅದೇ ವಾಲಿಕೆ 30 ಪ್ರಿಸಂ ಆಗಿದ್ದರೆ 60ರ ಮೀಸಲು ಬೆಳೆಸಬೇಕಾಗುತ್ತದೆ, ಅದು ನಡೆಯುವ ಮಾತಲ್ಲ. ವ್ಯಾಯಾಮವೋ ಆಪರೇಷನ್ನೋ ಎಂಬ ಜಗಳದ ಬಹುಪಾಲು ಈ ಒಂದು ಗುಣಾಕಾರದಲ್ಲೇ ಮುಗಿಯುತ್ತದೆ.

ಪೆನ್ಸಿಲ್ ವ್ಯಾಯಾಮ ಎಲ್ಲಿ ಹಳ್ಳಹಿಡಿಯುತ್ತದೆ

ಎರಡು ತಿಂಗಳು ಮಾಡಿಸಿಯೂ ಫಲ ಬರಲಿಲ್ಲ ಎಂದಿದ್ದೀರಿ. ಸಾಮಾನ್ಯವಾಗಿ ಕಾರಣ ಇದು: ಪೆನ್ಸಿಲ್ ಹತ್ತಿರ ಬರುತ್ತದೆ, ಒಂದು ಹಂತದಲ್ಲಿ ಎಡಗಣ್ಣು ಜಾರುತ್ತದೆ, ಮೆದುಳು ಅದನ್ನು ಅದುಮುತ್ತದೆ, ಮಗುವಿಗೆ ಒಂದೇ ಪೆನ್ಸಿಲ್ ಕಾಣುತ್ತದೆ, ‘ಒಂದೇ ಇದೆಯಮ್ಮ’ ಎನ್ನುತ್ತಾನೆ, ನೀವು ಇನ್ನೂ ಹತ್ತಿರ ತರುತ್ತೀರಿ. ಅಲ್ಲಿಂದ ಮುಂದೆ ಆಗುವುದು ಬಲಗಣ್ಣಿನ ವ್ಯಾಯಾಮ. ಅದಕ್ಕೆ ಬೇಕಿರುವುದು ಕಾವಲು. ಮಗುವಿನ ಎದುರು ಎರಡು ಮೂರು ಮೀಟರ್ ದೂರದ ಗೋಡೆಯ ಮೇಲೆ ಅವನ ಕಣ್ಣಿನ ಮಟ್ಟಕ್ಕೆ ಒಂದು ಕಪ್ಪು ಗುರುತು ಅಂಟಿಸಿ. ಪೆನ್ಸಿಲನ್ನು ನೇರವಾಗಿ ನೋಡುತ್ತಿರುವಾಗ ಹಿಂದಿನ ಗುರುತು ಎರಡಾಗಿ ಕಾಣಬೇಕು. ಎರಡೂ ಕಣ್ಣು ಕೆಲಸದಲ್ಲಿರುವ ಯಾರಿಗಾದರೂ ಹಾಗೇ ಕಾಣುತ್ತದೆ, ಅದು ದೋಷವಲ್ಲ. ಹಿಂದಿನ ಗುರುತು ಒಂದೇ ಆಯಿತೋ, ಒಂದು ಕಣ್ಣು ಆಟದಿಂದ ಹೊರಬಿತ್ತು. ಆಗ ಪೆನ್ಸಿಲ್ ನಿಲ್ಲಿಸಿ, ಕಣ್ಣು ಮಿಟುಕಿಸಲು ಹೇಳಿ, ಎರಡಾಗುವವರೆಗೆ ಎರಡು ಮೂರು ಸೆಂ.ಮೀ. ಹಿಂದಕ್ಕೆ ಬನ್ನಿ.

ಉಳಿದ ಕ್ರಮ ಸುಲಭ. ಕೈಯಳತೆ ದೂರದಿಂದ ಶುರು. ಅಕ್ಷರ ಎರಡಾದ ಕಡೆ ನಿಂತು, ಅದನ್ನು ಮತ್ತೆ ಒಂದು ಮಾಡಲು ಐದು ಸೆಕೆಂಡ್ ಪ್ರಯತ್ನಿಸಬೇಕು. ಒಂದಾದರೆ ಮುಂದೆ, ಆಗದಿದ್ದರೆ ಹಿಂದೆ. ಹತ್ತು ಸಲ ಆದ ಮೇಲೆ ಕಿಟಕಿಯಾಚೆಯ ಮರವನ್ನೋ ಮನೆಯನ್ನೋ ಅರ್ಧ ನಿಮಿಷ ನೋಡಲಿ, ಮತ್ತೆ ಹತ್ತು ಸಲ. ದಿನಕ್ಕೆ 15 ನಿಮಿಷ, ವಾರಕ್ಕೆ ಐದು ದಿನ. ತಲೆ ಹಿಂದಕ್ಕೆ ವಾಲಿಸಿದರೆ, ಪೆನ್ಸಿಲನ್ನು ಮೂಗಿನ ಬದಲು ಒಂದು ಕಣ್ಣಿನ ನೇರಕ್ಕೆ ತಂದರೆ, ರಾತ್ರಿ ಊಟವಾಗಿ ತೂಕಡಿಸುವ ಹೊತ್ತಿಗೆ ಮಾಡಿಸಿದರೆ ಶ್ರಮವೆಲ್ಲ ವ್ಯರ್ಥ. ಶಾಲೆಯಿಂದ ಬಂದು ಆಟವಾಡಿ ತಿಂಡಿ ತಿಂದ ಮೇಲಿನ ಹೊತ್ತು ಒಳ್ಳೆಯದು.

ದಾರ ಮತ್ತು ಮಣಿ

ಪೆನ್ಸಿಲಿಗಿಂತ ದಾರ ಮತ್ತು ಮಣಿಯ ಅಭ್ಯಾಸವನ್ನೇ ಮೊದಲು ಕಲಿಸುವುದು ಮೇಲು, ಏಕೆಂದರೆ ಇದರಲ್ಲಿ ಕಾವಲು ಒಳಗೇ ಇದೆ. ಇದನ್ನು ರೂಪಿಸಿದ ಫ್ರೆಡರಿಕ್ ಬ್ರಾಕ್ ಅವರ ಹೆಸರಿನಿಂದ ಬ್ರಾಕ್ ದಾರ ಎಂದೇ ಕರೆಯುತ್ತಾರೆ. ಒಂದೂವರೆ ಮೀಟರ್ ಬಿಳಿ ದಾರ, ಒಂದೊಂದು ಬಣ್ಣದ ಮೂರು ಮಣಿ. ಮಣಿಗಳು ಜಾರಬೇಕು, ಆದರೆ ಬಿಟ್ಟ ಕಡೆ ನಿಲ್ಲಬೇಕು, ಆದ್ದರಿಂದ ದಾರ ತೂತಿಗೆ ಬಿಗಿಯಾಗಿರಲಿ. ಒಂದು ತುದಿಯನ್ನು ಮಗು ಕುಳಿತಾಗ ಕಣ್ಣಿನ ಮಟ್ಟಕ್ಕೆ ಬರುವ ಕಿಟಕಿ ಸರಳಿಗೋ ಬಾಗಿಲ ಹಿಡಿಗೋ ಕಟ್ಟಿ. ಇನ್ನೊಂದು ತುದಿಯನ್ನು ಅವನು ಬೆರಳಿಗೆ ಸುತ್ತಿ ಮೂಗಿನ ತುದಿಗೆ ಹಿಡಿದುಕೊಳ್ಳಲಿ. ದಾರ ಸೊಟ್ಟಗಾಗದೆ ಬಿಗಿಯಾಗಿರಬೇಕು. ಮಣಿಗಳು ಮೂಗಿನಿಂದ ಸುಮಾರು 30 ಸೆಂ.ಮೀ., 70 ಸೆಂ.ಮೀ., 130 ಸೆಂ.ಮೀ. ದೂರದಲ್ಲಿರಲಿ.

ನಡುವಿನ ಮಣಿಯನ್ನು ನೋಡಿದಾಗ ಮಣಿ ಒಂದೇ, ದಾರ ಮಾತ್ರ ಎರಡಾಗಿ ಮಣಿಯ ಮೇಲೆ ಕತ್ತರಿಯಂತೆ ಹಾಯ್ದು ಹೋಗಬೇಕು. ಹತ್ತಿರದ ಮತ್ತು ದೂರದ ಮಣಿಗಳು ಎರಡೆರಡು ಕಾಣಬೇಕು. ಈಗ ಮಗು ಹೇಳುವ ಪ್ರತಿ ಮಾತಿಗೂ ಅರ್ಥವಿದೆ. ಕತ್ತರಿ ಮಣಿಯ ಆಚೆಗೆ ಕಂಡರೆ ಕಣ್ಣುಗಳು ಮಣಿಯವರೆಗೆ ಒಳಸೇರಿಲ್ಲ. ನಿಮ್ಮ ಮಗನಲ್ಲಿ ಹತ್ತಿರದ ಮಣಿಯಲ್ಲಿ ಹೀಗಾಗುವ ಸಂಭವ ಹೆಚ್ಚು. ಈಚೆಗೆ ಕಂಡರೆ ಬೇಕಾದ್ದಕ್ಕಿಂತ ಹೆಚ್ಚು ಸೇರಿವೆ. ಒಂದೇ ದಾರ ಕಂಡರೆ ಒಂದು ಕಣ್ಣು ಅದುಮಿಹೋಗಿದೆ. ದಾರದ ಒಂದು ಭಾಗ ಮಾತ್ರ ಮಾಯವಾದರೆ ಅದುಮುವಿಕೆ ಈಗಷ್ಟೇ ಶುರುವಾಗುತ್ತಿದೆ. ಆಗ ದಾರವನ್ನು ಮೆಲ್ಲಗೆ ಅಲುಗಿಸಿ, ಬೇಗ ಬೇಗ ಮಿಟುಕಿಸಲು ಹೇಳಿ, ಇಲ್ಲವೇ ಕಾಣುತ್ತಿರುವ ದಾರದ ಕಣ್ಣನ್ನು ಅರೆಕ್ಷಣ ಅಂಗೈಯಿಂದ ಮುಚ್ಚಿ ತೆಗೆಯಿರಿ. ಯಾವ ಕಣ್ಣಿನ ದಾರ ಮಾಯವಾಗಿದೆ ಎಂದು ತಿಳಿಯಲು ಒಂದೊಂದೇ ಕಣ್ಣು ಮುಚ್ಚಿ ನೋಡಿದರಾಯಿತು.

ಮೊದಲ ವಾರ ಒಂದೊಂದು ಮಣಿಯ ಮೇಲೆ ಹತ್ತು ಎಣಿಸುವಷ್ಟು ಹೊತ್ತು ಕತ್ತರಿ ಹಿಡಿದಿಡಲಿ. ಎರಡನೆಯ ವಾರದಿಂದ ಜಿಗಿತ: ದೂರ, ನಡು, ಹತ್ತಿರ, ಮತ್ತೆ ದೂರ, ಪ್ರತಿ ಸಲವೂ ಕತ್ತರಿ ಮೂಡಿದ ಮೇಲೆಯೇ ಮುಂದಿನದಕ್ಕೆ. ಇದು ಸಲೀಸಾದ ಮೇಲೆ ಹತ್ತಿರದ ಮಣಿಯನ್ನು ದಿನಕ್ಕೆ ಒಂದೆರಡು ಸೆಂ.ಮೀ. ಮೂಗಿನ ಕಡೆ ಸರಿಸುತ್ತ ಬನ್ನಿ. 5 ಸೆಂ.ಮೀ.ನಲ್ಲಿ ಹತ್ತು ಎಣಿಸುವವರೆಗೆ ಕತ್ತರಿ ಕೆಡದೆ ನಿಂತರೆ ಈ ಅಭ್ಯಾಸದ ಗುರಿ ಮುಟ್ಟಿತು.

ಮೂರನೆಯದು ಜೋಡಿಚಿತ್ರದ ಕಾರ್ಡ್. ಆಸ್ಪತ್ರೆಗಳಲ್ಲಿ ಎರಡು ಬೆಕ್ಕಿನ ಚಿತ್ರವಿರುವ ಕಾರ್ಡ್ ಕೊಡುತ್ತಾರೆ. ಮನೆಯಲ್ಲೂ ಮಾಡಬಹುದು. ಕಾರ್ಡಿನ ಮೇಲೆ 2 ಸೆಂ.ಮೀ. ಅಗಲದ ಎರಡು ವೃತ್ತ, ನಡುಬಿಂದುಗಳ ನಡುವೆ 3 ಸೆಂ.ಮೀ. ಅಂತರ. ಎಡಗಡೆಯದರೊಳಗೆ ಮೇಲ್ಗಡೆ ಒಂದು ಚುಕ್ಕೆ, ಬಲಗಡೆಯದರೊಳಗೆ ಕೆಳಗಡೆ ಒಂದು ಚುಕ್ಕೆ. ಕಾರ್ಡ್ ಕಣ್ಣಿನಿಂದ 40 ಸೆಂ.ಮೀ. ದೂರ, ಪೆನ್ಸಿಲ್ ತುದಿ ಕಾರ್ಡಿನಿಂದ ಸುಮಾರು 14 ಸೆಂ.ಮೀ. ಈಚೆಗೆ, ಎರಡು ವೃತ್ತಗಳ ನಡುವಿಗೆ. ಪೆನ್ಸಿಲ್ ತುದಿಯನ್ನೇ ನೋಡುತ್ತಿದ್ದರೆ ಹಿಂದೆ ಮೂರು ವೃತ್ತ ಮೂಡುತ್ತವೆ. ನಡುವಿನದರಲ್ಲಿ ಮೇಲಿನ ಚುಕ್ಕೆ, ಕೆಳಗಿನ ಚುಕ್ಕೆ ಎರಡೂ ಇರಬೇಕು. ಒಂದೇ ಇದ್ದರೆ ಒಂದೇ ಕಣ್ಣು ನೋಡುತ್ತಿದೆ. ವೃತ್ತದ ಗೆರೆ ಸ್ಪಷ್ಟವಾದ ಮೇಲೆ ಪೆನ್ಸಿಲ್ ತೆಗೆದು, ನಡುವಿನ ವೃತ್ತವನ್ನು ಹಿಡಿದಿಡಲು ಕಲಿಸಿ. 40 ಸೆಂ.ಮೀ.ನಲ್ಲಿ 3 ಸೆಂ.ಮೀ. ಅಂತರ ಕೂಡಿಸುವುದು ಎಂದರೆ 7.5 ಪ್ರಿಸಂ ಒಳಸೇರಿದಂತೆ. ವಾರ ವಾರ ಅಂತರವನ್ನು ಅರ್ಧ ಸೆಂ.ಮೀ. ಹೆಚ್ಚಿಸುತ್ತ ಹೋದರೆ 6 ಸೆಂ.ಮೀ.ಗೆ 15 ಪ್ರಿಸಂ ಆಗುತ್ತದೆ, ಪೆನ್ಸಿಲ್ ಆಗ ಕಾರ್ಡಿನಿಂದ ಸುಮಾರು 21 ಸೆಂ.ಮೀ. ಈಚೆಗಿರಬೇಕಾಗುತ್ತದೆ.

ಕಾರ್ಡಿನ ಆಚೆಗೆ, ದೂರಕ್ಕೆ ನೋಟ ಹರಿಸಿಯೂ ಮೂರು ವೃತ್ತ ಕಾಣಿಸಬಹುದು. ನಿಮ್ಮ ಮಗನಿಗೆ ಅದು ಬೇಕಾದ್ದಲ್ಲ, ಕಣ್ಣನ್ನು ಹೊರಕ್ಕೆ ಬಿಡುವ ಅಭ್ಯಾಸ ಅದು. ಪೆನ್ಸಿಲ್ ಇಟ್ಟೇ ಶುರು ಮಾಡಬೇಕು ಎನ್ನುವುದು ಇದಕ್ಕಾಗಿ.

ಯಾವ ಅಭ್ಯಾಸದ ಕೊನೆಗೂ ಎರಡು ಮೂರು ನಿಮಿಷ ದೂರ ನೋಡಿ ಕಣ್ಣು ಸಡಿಲಿಸಲೇಬೇಕು. ಹುರುಪಿನಿಂದ ಗಂಟೆಗಟ್ಟಲೆ ಮಾಡಿಸಿದರೆ ಕಣ್ಣುಗಳು ಒಳಸೇರಿದಲ್ಲೇ ಬಿಗಿದುಕೊಳ್ಳಬಹುದು. ಕರಿಹಲಗೆ ಮಸುಕು, ದೂರದ್ದು ಎರಡು, ತಲೆನೋವು ಇನ್ನೂ ಹೆಚ್ಚು. ಹಾಗಾದರೆ ಪೂರ್ತಿ ನಿಲ್ಲಿಸಿ, ತೋರಿಸಿ.

ಮನೆಯಲ್ಲಿ ಸಾಕೇ, ಕೇಂದ್ರಕ್ಕೆ ಹೋಗಬೇಕೇ?

ಇದಕ್ಕೆ ಒಳ್ಳೆಯ ಪುರಾವೆಯಿದೆ. ಅಮೆರಿಕದಲ್ಲಿ ಒಳಸೇರುವ ಕೊರತೆಯಿದ್ದ 9ರಿಂದ 17 ವರ್ಷದ 221 ಮಕ್ಕಳನ್ನು ನಾಲ್ಕು ಗುಂಪು ಮಾಡಿ 12 ವಾರ ನೋಡಿದರು. ಫಲಿತಾಂಶ 2008ರಲ್ಲಿ ಪ್ರಕಟವಾಯಿತು. ವಾರಕ್ಕೊಮ್ಮೆ ಒಂದು ಗಂಟೆ ಕೇಂದ್ರದಲ್ಲಿ ನುರಿತ ಚಿಕಿತ್ಸಕರ ಎದುರು, ಜೊತೆಗೆ ಮನೆಯಲ್ಲಿ ದಿನಕ್ಕೆ 15 ನಿಮಿಷ ಅಭ್ಯಾಸ ಮಾಡಿದವರಲ್ಲಿ ಶೇ 73 ಮಂದಿ ಗುಣವಾದರು ಅಥವಾ ಸುಧಾರಿಸಿದರು. ಮನೆಯಲ್ಲಿ ಪೆನ್ಸಿಲ್ ಮಾತ್ರ ಮಾಡಿದವರಲ್ಲಿ ಶೇ 43. ಮನೆಯಲ್ಲಿ ಕಂಪ್ಯೂಟರ್ ಮತ್ತು ಪೆನ್ಸಿಲ್ ಮಾಡಿದವರಲ್ಲಿ ಶೇ 33. ಚಿಕಿತ್ಸೆಯಂತೆ ತೋರುವ, ಆದರೆ ಕಣ್ಣು ಕೂಡಿಸುವುದನ್ನು ಕಲಿಸದ ಹುಸಿ ಅಭ್ಯಾಸ ಮಾಡಿದವರಲ್ಲಿ ಶೇ 35. ಮನೆಯ ಪೆನ್ಸಿಲ್ ಹುಸಿ ಚಿಕಿತ್ಸೆಗಿಂತ ಹೆಚ್ಚೇನೂ ಮೇಲಲ್ಲ, ಪಕ್ಕದಲ್ಲಿ ಕುಳಿತು ತಪ್ಪು ತಿದ್ದುವವರಿದ್ದರೆ ಫಲ ಬಹಳ ಹೆಚ್ಚು. ಆದ್ದರಿಂದ ಕೇಂದ್ರಕ್ಕೆ ಹೋಗುವುದನ್ನು ಬೇಡ ಎನ್ನಲಾರೆವು. ಆದರೆ ಅಧ್ಯಯನ ನಡೆದದ್ದು ಹನ್ನೆರಡು ವಾರ, ವಾರಕ್ಕೆ ಒಂದು ಸಲ. ನಲವತ್ತಲ್ಲ, ಹನ್ನೆರಡು. ಆ ಮಕ್ಕಳಲ್ಲಿ ಇದ್ದದ್ದು ಒಳಸೇರುವ ಕೊರತೆ. ಸದಾ ಹೊರಗೆ ನಿಂತ ಕಣ್ಣಿಗೆ ಆ ಅಂಕಿಗಳನ್ನು ತೋರಿಸಿ ಹಣ ಕಟ್ಟಿಸಿಕೊಂಡರೆ ಅದು ಸರಿಯಲ್ಲ.

ಇದರ ಮುಂದುವರಿಕೆಯಾಗಿ 9ರಿಂದ 14 ವರ್ಷದ 310 ಮಕ್ಕಳ ಮೇಲೆ ನಡೆದು 2019ರಲ್ಲಿ ಹೊರಬಂದ ಇನ್ನೊಂದು ಅಧ್ಯಯನವನ್ನೂ ನೀವು ತಿಳಿದಿರಬೇಕು. ಚಿಕಿತ್ಸೆ ಪಡೆದ ಮಕ್ಕಳು ಓದಿದ್ದನ್ನು ಗ್ರಹಿಸುವುದರಲ್ಲಿ ಹುಸಿ ಚಿಕಿತ್ಸೆಯವರಿಗಿಂತ ಮುಂದೆ ಹೋಗಲಿಲ್ಲ. ಕಣ್ಣಿನ ಆಯಾಸ ಹೋಗುವುದು ಬೇರೆ, ಓದಿನಲ್ಲಿ ಮುಂದೆ ಬರುವುದು ಬೇರೆ. ಅಕ್ಷರ ಓದಲು ಕಲಿಯುವುದರಲ್ಲೇ ಇರುವ ತೊಂದರೆ, ಅಂದರೆ ಡಿಸ್ಲೆಕ್ಸಿಯಾ, ಕಣ್ಣಿನ ವ್ಯಾಯಾಮದಿಂದ ಹೋಗುವುದಿಲ್ಲ ಎಂದು ಅಮೆರಿಕದ ಮಕ್ಕಳ ವೈದ್ಯರ ಮತ್ತು ನೇತ್ರ ವೈದ್ಯರ ಸಂಘಗಳು 2009ರಲ್ಲೇ ಜಂಟಿಯಾಗಿ ಹೇಳಿವೆ. ಮಾರ್ಕ್ಸ್ ಏರುತ್ತದೆ, ಮೈನಸ್ ನಂಬರ್ ಇಳಿದು ಕನ್ನಡಕ ಬಿಡಬಹುದು ಎಂಬ ಭರವಸೆ ಎಲ್ಲಿ ಕೇಳಿದರೂ ಎದ್ದು ಬನ್ನಿ.

ಕೇಂದ್ರದವರನ್ನು ಕೇಳಬೇಕಾದ್ದು ಇಷ್ಟೇ: ಇವತ್ತಿನ ಅಂಕಿ ಎಷ್ಟು, ಗುರಿ ಎಷ್ಟು, 4 ಮತ್ತು 8 ವಾರಕ್ಕೆ ಯಾರು ಮತ್ತೆ ಅಳೆಯುತ್ತಾರೆ, ಗುರಿ ಮುಟ್ಟಿದರೆ ಉಳಿದ ಹಣ ವಾಪಸ್ ಕೊಡುತ್ತೀರಾ. ಗುರಿ ಎಂದರೆ ಕಣ್ಣು ಕೂಡುವ ಬಿಂದು 6 ಸೆಂ.ಮೀ. ಒಳಗೆ, ಮೀಸಲು 15 ಪ್ರಿಸಂ ದಾಟಿ ವಾಲಿಕೆಯ ಎರಡರಷ್ಟು, ಓದುವಾಗ ನೋವಿಲ್ಲ. ಎಂಟು ವಾರಕ್ಕೂ ಅಂಕಿ ಅಲುಗದಿದ್ದರೆ ಮೊದಲು ನಂಬರನ್ನೂ ಅಭ್ಯಾಸದ ರೀತಿಯನ್ನೂ ಪರೀಕ್ಷಿಸಬೇಕು, ಸಿಟ್ಟಿಂಗ್ ಸೇರಿಸುವುದಲ್ಲ. ಗುರಿ ಮುಟ್ಟಿದ ಮೇಲೂ ಒಮ್ಮೆಗೇ ಬಿಡದೆ ವಾರಕ್ಕೆ ಮೂರು ದಿನ, ಆಮೇಲೆ ಒಂದು ದಿನ ಎಂದು ಕೆಲವು ತಿಂಗಳು ಇಳಿಸುತ್ತ ಬನ್ನಿ. ಖರ್ಚು ಭಾರವಾದರೆ ಬೆಂಗಳೂರಿನ ಮಿಂಟೋ ಕಣ್ಣಾಸ್ಪತ್ರೆಯಲ್ಲೋ ಹತ್ತಿರದ ಸರ್ಕಾರಿ ವೈದ್ಯಕೀಯ ಕಾಲೇಜಿನ ನೇತ್ರ ವಿಭಾಗದಲ್ಲೋ ಮೆಳ್ಳೆಗಣ್ಣಿನ ವಿಭಾಗವನ್ನು ವಿಚಾರಿಸಿ.

ಒಂದು ಅಪಾಯವನ್ನು ಬಿಡಿಸಿ ಹೇಳಲೇಬೇಕು. ಮೆದುಳು ಒಂದು ಕಣ್ಣನ್ನು ಅದುಮುವುದು ಎರಡು ಕಾಣುವುದರಿಂದ ತಪ್ಪಿಸಿಕೊಳ್ಳುವ ಉಪಾಯ. ಕೂಡಿಸುವ ಶಕ್ತಿಯೇ ಇಲ್ಲದ, ಚಿಕ್ಕಂದಿನಿಂದ ತಿರುಗಿ ನಿಂತ ಕಣ್ಣಿನಲ್ಲಿ ಆ ಅದುಮುವಿಕೆಯನ್ನು ಒಡೆಯುವ ವ್ಯಾಯಾಮ ಮಾಡಿಸಿದರೆ ಉಪಾಯ ಹೋಗುತ್ತದೆ, ಕೂಡಿಕೆ ಬರುವುದಿಲ್ಲ. ಉಳಿಯುವುದು ಹಗಲಿಡೀ ಎರಡು ಕಾಣುವ ಕಷ್ಟ. ಅದನ್ನು ಮತ್ತೆ ಸರಿಪಡಿಸುವುದು ಬಹಳ ಕಠಿಣ. ಬೆಳೆದವರಲ್ಲಿ ಇದು ಇನ್ನೂ ಹೆಚ್ಚು. ನಲವತ್ತೆಂಟನೆಯ ವಯಸ್ಸಿನಲ್ಲಿ ಮೂರು ಆಯಾಮದ ದೃಷ್ಟಿ ಪಡೆದ ಅಮೆರಿಕದ ನರವಿಜ್ಞಾನಿ ಸೂಸನ್ ಬ್ಯಾರಿ ಅವರ ಉದಾಹರಣೆಯನ್ನು ಕೇಂದ್ರಗಳು ಮೇಲಿಂದ ಮೇಲೆ ಕೊಡುತ್ತವೆ. ಅವರಿಗೆ ದಕ್ಕಿದ್ದು ನಿಜ, ದೊಡ್ಡ ವಿಷಯವೂ ಹೌದು. ಆದರೆ ಅವರಿಗೆ ಬಾಲ್ಯದಲ್ಲೇ ಮೂರು ಆಪರೇಷನ್ ಆಗಿ ಕಣ್ಣು ಬಹುಮಟ್ಟಿಗೆ ನೇರವಾಗಿತ್ತು. ವ್ಯಾಯಾಮ ಬಂದದ್ದು ಅದರ ಮೇಲೆ. ಆಪರೇಷನ್ನಿಗೆ ಬದಲಾಗಿ ಬಂದದ್ದಲ್ಲ.

ಸೋಮಾರಿ ಕಣ್ಣು, ಅಂದರೆ ಮೆದುಳು ಸರಿಯಾಗಿ ಬಳಸದೆ ದೃಷ್ಟಿ ಬೆಳೆಯದ ಕಣ್ಣು, ಇದ್ದರೆ ಅದರ ದಾರಿ ಬೇರೆ. ಮೊದಲು ಸರಿಯಾದ ಕನ್ನಡಕ, ಕೆಲವು ವಾರ ಕಾದ ಮೇಲೆ ಒಳ್ಳೆಯ ಕಣ್ಣಿಗೆ ಪಟ್ಟಿ. ದೃಷ್ಟಿ 6/12ರಿಂದ 6/24ರ ನಡುವಿದ್ದರೆ (6/12 ಎಂದರೆ ಸರಿಯಾದ ಕಣ್ಣು 12 ಮೀಟರ್ ದೂರದಿಂದ ಓದುವ ಅಕ್ಷರವನ್ನು 6 ಮೀಟರ್‌ನಿಂದಷ್ಟೇ ಓದುವುದು) ದಿನಕ್ಕೆ 2 ಗಂಟೆ, ಅದಕ್ಕಿಂತ ಕಡಿಮೆಯಿದ್ದರೆ 6 ಗಂಟೆ ಎಂಬುದು ರೂಢಿಯ ಆರಂಭ. ಕಪ್ಪು ಬಟ್ಟೆಯ ಪಟ್ಟಿಯ ಸಂದಿನಲ್ಲಿ ಮಕ್ಕಳು ಇಣುಕುತ್ತಾರೆ, ಚರ್ಮಕ್ಕೆ ಅಂಟುವ ಪಟ್ಟಿಯೇ ಬೇಕು. ಪಟ್ಟಿ ದೃಷ್ಟಿಯನ್ನು ಬೆಳೆಸುತ್ತದೆ, ಕಣ್ಣನ್ನು ನೇರ ಮಾಡುವುದು ಅದರ ಕೆಲಸವಲ್ಲ.

ಇನ್ನು ಅತ್ತೆಯವರ ಮಾತು. ಅವರು ಮೊಮ್ಮಗನ ಮೇಲಿನ ಮಮತೆಯಿಂದಲೇ ಹೇಳುತ್ತಾರೆ, ತಮ್ಮ ಕಾಲದಲ್ಲಿ ಕೇಳಿದ್ದನ್ನು ಹೇಳುತ್ತಾರೆ. ‘ಈ ಕಣ್ಣು ಈಗ ಬರೀ ನೋಟಕ್ಕೆ ಕಾಣುವ ವಿಷಯವಲ್ಲ, ಅವನು ಓದುವಾಗ ನೋಯುತ್ತಿದೆ’ ಎಂದು ಹೇಳಿ, ಸಾಧ್ಯವಾದರೆ ಆಸ್ಪತ್ರೆಗೆ ಅವರನ್ನೂ ಕರೆದುಕೊಂಡು ಹೋಗಿ. ಹಾಗೆಯೇ ದೀಪ ನೋಡಿಸುವ ತ್ರಾಟಕ, ಕಣ್ಣುಗುಡ್ಡೆ ಸುತ್ತಿಸುವುದು, ಅಂಗೈ ಬಿಸಿ ಮಾಡಿ ಮುಚ್ಚುವುದು, ಇವು ಕಣ್ಣನ್ನು ನೇರ ಮಾಡುವುದಿಲ್ಲ. ಜೇನು, ಹರಳೆಣ್ಣೆಯನ್ನು ಕಣ್ಣೊಳಗೆ ಬಿಡಬೇಡಿ, ಸೋಂಕಾಗಬಹುದು.

ಆಪರೇಷನ್ ಮಾತು ಯಾವಾಗ ಬರುತ್ತದೆ? ಎಚ್ಚರವಿರುವ ಹೊತ್ತಿನ ಅರ್ಧಕ್ಕಿಂತ ಹೆಚ್ಚು ಕಾಲ ಕಣ್ಣು ಹೊರಗಿದ್ದರೆ, ಮೂರು ಆಯಾಮದ ದೃಷ್ಟಿಯ ಅಂಕಿ ಭೇಟಿಯಿಂದ ಭೇಟಿಗೆ ಕೆಡುತ್ತಿದ್ದರೆ, ಜಾರಿದ ಕಣ್ಣು ತಾನಾಗಿ ವಾಪಸ್ ಬರದೆ ಮಿಟುಕಿಸಿದರೆ ಮಾತ್ರ ಬರುತ್ತಿದ್ದರೆ. ಕಣ್ಣುಗುಡ್ಡೆಯನ್ನು ಹೊರತೆಗೆಯುತ್ತಾರೆ ಎಂಬ ಭಯ ಬೇಡ. ಹೊರಗೆ ಎಳೆಯುವ ಸ್ನಾಯುವನ್ನು ಗುಡ್ಡೆಯ ಮೇಲೆ ಕೆಲವು ಮಿ.ಮೀ. ಹಿಂದಕ್ಕೆ ಹೊಲಿಯುತ್ತಾರೆ, ಕೆಲವರಿಗೆ ಒಳಗಿನ ಸ್ನಾಯುವನ್ನು ಗಿಡ್ಡ ಮಾಡುತ್ತಾರೆ. ಮಕ್ಕಳಿಗೆ ಪೂರ್ತಿ ಅರಿವಳಿಕೆ ಬೇಕು. ಕಣ್ಣು ಎರಡು ಮೂರು ವಾರ ಕೆಂಪಗಿರುತ್ತದೆ. ಹೊರಗೆ ಜಾರುವ ಕಣ್ಣು ಕೆಲವು ವರ್ಷಗಳಲ್ಲಿ ಮತ್ತೆ ಜಾರುವುದುಂಟು, ಎರಡನೆಯ ಆಪರೇಷನ್ ಬೇಕಾದರೆ ಮೊದಲನೆಯವರ ಕೈಗುಣ ಸರಿಯಿಲ್ಲವೆಂದು ಅರ್ಥವಲ್ಲ. ಆಪರೇಷನ್ ವಾಲಿಕೆಯನ್ನು ಇಳಿಸುತ್ತದೆ, ಅದರ ನಂತರದ ಅಭ್ಯಾಸ ಹಿಡಿತವನ್ನು ಬೆಳೆಸುತ್ತದೆ. 30ರ ವಾಲಿಕೆ 6ಕ್ಕೆ ಇಳಿದ ಮೇಲೆ ಬೇಕಾದ ಮೀಸಲು ಬರೀ 12. ಕೆಲವರು ಮೈನಸ್ ನಂಬರ್ ಹೆಚ್ಚಾಗಿ ಕೊಟ್ಟು ಕಣ್ಣನ್ನು ಒಳಸೇರಿಸುತ್ತಾರೆ. 2021ರಲ್ಲಿ ಬಂದ ಅಧ್ಯಯನದಲ್ಲಿ ಅದು ಹಾಕಿರುವಷ್ಟು ದಿನ ಹಿಡಿತ ಸುಧಾರಿಸಿತು, ತೆಗೆದ ಮೇಲೆ ಉಳಿಯಲಿಲ್ಲ, ಮೈನಸ್ ಬೆಳೆಯುವ ವೇಗವೂ ಹೆಚ್ಚಿತು.

ಮುಂದಿನ ಭೇಟಿಗೆ ಎರಡು ವಾರದ ಟಿಪ್ಪಣಿ ತೆಗೆದುಕೊಂಡು ಹೋಗಿ: ದಿನಕ್ಕೆ ಎಷ್ಟು ಸಲ ಜಾರಿತು, ದೂರ ನೋಡುವಾಗಲೋ ಓದುವಾಗಲೋ, ಬಿಸಿಲಿಗೆ ಹೋದರೆ ಒಂದು ಕಣ್ಣು ಮುಚ್ಚುತ್ತಾನೋ, ಸಂಜೆಯ ಸ್ಕೇಲ್ ಅಳತೆ ಎಷ್ಟು. ಎರಡು ವರ್ಷದ ಹಿಂದಿನ ಮತ್ತು ಈಗಿನ ಫೋಟೋಗಳೂ ಇರಲಿ. ಪರೀಕ್ಷೆಯ ಕೋಣೆಯಲ್ಲಿ ಮಕ್ಕಳು ಎಚ್ಚರದಿಂದ ಕಣ್ಣು ಹಿಡಿದಿಟ್ಟುಕೊಳ್ಳುವುದರಿಂದ ವೈದ್ಯರಿಗೆ ಜಾರುವುದೇ ಕಾಣದೆ ಹೋಗಬಹುದು. ಇದ್ದಕ್ಕಿದ್ದಂತೆ ಎರಡು ಕಾಣತೊಡಗಿದರೆ, ರೆಪ್ಪೆ ಜೋತುಬಿದ್ದರೆ, ಒಂದು ಪಾಪೆ ದೊಡ್ಡದಾದರೆ, ಬೆಳಗಿನ ತಲೆನೋವಿನ ಜೊತೆ ವಾಂತಿಯಾದರೆ, ತಲೆಗೆ ಪೆಟ್ಟು ಬಿದ್ದ ಮೇಲೆ ಕಣ್ಣು ತಿರುಗಿದರೆ ಮಾತ್ರ ಟಿಪ್ಪಣಿಗೆ ಕಾಯದೆ ಅಂದೇ ದೊಡ್ಡ ಆಸ್ಪತ್ರೆಗೆ ಕರೆದೊಯ್ಯಿರಿ.